ಹನ್ನೊಂದು ಹತ್ತಕ್ಕೆ ತೆರೆಯುವ ಬಾಗಿಲು

ಮೂರನೆಯ ಶನಿವಾರ, ತರಗತಿಯ ಹದಿನಾಲ್ಕು ಜನರ ಎದುರಿಗೆ ತನ್ನ ಒಡಹುಟ್ಟಿದ ಅಣ್ಣನನ್ನು ನಾಯಿಯೆಂದು ಹೇಳಿಬಿಟ್ಟ ಮೇಲೆ ಅವಳಿಗೆ ಮೊದಲು ಅನ್ನಿಸಿದ್ದು ನಾಚಿಕೆಯಲ್ಲ, ಸದ್ಯ ಪಾರಾದೆ ಎಂಬ ಹಗುರ. ನಾಚಿಕೆ ಬಂದದ್ದು ಆಮೇಲೆ, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿದ್ದ ಸಣ್ಣ ಸೆನ್ಸರ್ ಮುರಿಯದಿರಲೆಂದು ಎರಡೂ ಕೈಯಲ್ಲಿ ಹಿಡಿದುಕೊಂಡ ಮೇಲೆ. ಆರು ಶನಿವಾರಗಳ ಕೋರ್ಸು ಅದು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಮನೆಯ, ಗೋದಾಮಿನ, ಯಂತ್ರದ ಯಾವುದೇ ವಸ್ತುವಿಗೆ ಸೆನ್ಸರ್ ಕಟ್ಟಿ, ಅದು ಹೇಳಿದ್ದು ಇಂಟರ್‌ನೆಟ್ಟಿನ ಮೂಲಕ ದೂರದಲ್ಲಿದ್ದವರ ಮೊಬೈಲಿಗೆ ಬರುವಂತೆ ವ್ಯವಸ್ಥೆ ಮಾಡುವುದನ್ನು ಕಲಿಸುತ್ತಿದ್ದರು. ಮೊದಲ ದಿನವೇ ಹಿಂದಿನ ಬೆಂಚಿನ ಕೋಳಿ ಫಾರಂನವನು, "ಮನುಷ್ಯರು ಮಾತಾಡೋದು ಬಿಟ್ರಲ್ಲ, ಇನ್ನು ಸಾಮಾನುಗಳೇ ಮಾತಾಡ್ಕೋಬೇಕು" ಎಂದು ಎಲ್ಲರನ್ನೂ ನಗಿಸಿದ್ದ. ಅವಳೂ ನಕ್ಕಿದ್ದಳು. ನಕ್ಕ ಮೇಲೆ, ತಾನು ಹಿಂದಿನ ದಿನ ಸಂಜೆಯಿಂದ ಯಾರೊಡನೆಯೂ ಮಾತಾಡಿಲ್ಲವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಿದ್ದಳು.

ಪಾಠ ಹೇಳುವ ಮೇಷ್ಟ್ರು ಅವಳಿಗಿಂತ ಹದಿನೈದು ವರ್ಷವಾದರೂ ಚಿಕ್ಕವನು. ಉಳಿದವರನ್ನೆಲ್ಲ ಸುಮ್ಮನೆ ನೀವು ಎಂದು ಮಾತಾಡಿಸುವವನು ಅವಳೊಬ್ಬಳನ್ನು ಮಾತ್ರ ಮೇಡಂ ಎನ್ನುತ್ತಿದ್ದ. ಎರಡನೆಯ ವಾರ ಅವಳು ಸಾಲ್ಡರಿಂಗ್ ಕಡ್ಡಿ ಹಿಡಿದಾಗ ಅದು ಜಾರಿ, ಕರಗಿದ ಸೀಸ ಸೆನ್ಸರಿನ ಎರಡು ತಂತಿಕಾಲುಗಳ ನಡುವೆ ಸೇತುವೆಯಾಗಿ ಕೂತುಬಿಟ್ಟಿತ್ತು. "ಪರವಾಗಿಲ್ಲ ಮೇಡಂ, ನಿಮ್ಮ ವಯಸ್ಸಲ್ಲಿ ಇಷ್ಟು ಕಲಿಯೋದೇ ದೊಡ್ಡದು" ಎಂದಿದ್ದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತ್ತು. ಮೂರನೆಯ ವಾರ ಎಲ್ಲರೂ ತಮ್ಮ ತಮ್ಮ ಯೋಜನೆ ಹೇಳಬೇಕಿತ್ತು. "ಅಳೆಯೋದು ಸುಲಭ. ಯಾಕೆ ಅಳೀತೀರಿ, ಅದನ್ನ ಯಾರು ನೋಡ್ತಾರೆ, ನೋಡಿದ ಮೇಲೆ ಏನು ಮಾಡ್ತಾರೆ, ಈ ಮೂರನ್ನ ಹೇಳಿದ್ರೆ ಅರ್ಧ ಡಿಸೈನ್ ಆದ ಹಾಗೆ" ಎಂದಿದ್ದ ಮೇಷ್ಟ್ರು. ಕೋಳಿ ಫಾರಂನವನು ಶೆಡ್ಡಿನ ಶಾಖ ಎಂದ. ಪಕ್ಕದಲ್ಲಿ ಕೂರುವ ಕಾಲೇಜು ಹುಡುಗಿ ಹಾಸ್ಟೆಲಿನ ನೀರಿನ ಟ್ಯಾಂಕು ಎಂದಳು. ತನ್ನ ಸರದಿ ಬಂದಾಗ ಅವಳು ಎದ್ದುನಿಂತು, ಮನೆಯಲ್ಲಿ ಓಡಾಟ ಇದೆಯೋ ಇಲ್ಲವೋ ಆಫೀಸಿನಲ್ಲಿ ಕೂತು ತಿಳಿಯಬೇಕು ಎಂದಳು.

"ಯಾರ ಓಡಾಟ ಮೇಡಂ?"

ಹದಿನಾಲ್ಕು ಮುಖಗಳು ತಿರುಗಿದವು. ಹತ್ತೊಂಬತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಅವಳು ಬೇರೆ ಬೇರೆ ರೂಪದಲ್ಲಿ ಎದುರಿಸಿದ್ದಳು. ಮನೇಲಿ ಯಾರ್ಯಾರಿದೀರಿ, ನಿಮ್ಮಣ್ಣ ಏನು ಮಾಡ್ಕೊಂಡಿದಾರೆ, ಅವರಿಗೆ ಮದುವೆ ಆಗಿಲ್ವಾ, ನಿಮಗೂ ಆಗಿಲ್ವಾ. ಪ್ರತಿ ಸಲವೂ ಒಂದು ಹದವಾದ ಉತ್ತರ ಹುಡುಕಿ, ಕೇಳಿದವರ ಮುಖದಲ್ಲಿ ಮೊದಲು ಕುತೂಹಲ, ಆಮೇಲೆ ಕನಿಕರ, ಕೊನೆಗೆ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನೋಡಬೇಕಾಗಿತ್ತು.

"ನಾಯಿ" ಎಂದಳು. "ವಯಸ್ಸಾಗಿದೆ. ಹುಷಾರಿಲ್ಲ."

ತರಗತಿಯೇ ಕರಗಿಹೋಯಿತು. ಹುಡುಗಿ ಅವಳ ಮೊಣಕೈ ಮುಟ್ಟಿ, "ಅಯ್ಯೋ ಪಾಪ. ಏನು ಹೆಸರಿಟ್ಟಿದೀರಿ ಆಂಟಿ?" ಎಂದಳು. ಯಾವುದಾದರೂ ಒಂದು ಹೆಸರು ಹೇಳಬಹುದಿತ್ತು. ನಾಲಿಗೆಗೆ ಬಂದದ್ದು ಗುಂಡ. ಅಮ್ಮ ಅಣ್ಣನನ್ನು ಕರೆಯುತ್ತಿದ್ದ ಹೆಸರು. ಆವತ್ತು ಮನೆಗೆ ಮರಳುವ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಅಮ್ಮನ ದನಿ ಕಿವಿಯ ಹತ್ತಿರವೇ ಕೇಳಿಸಿತು, ಗುಂಡಾ ಊಟಕ್ಕೆ ಬಾರೋ, ಗುಂಡಾ ಕತ್ತಲಾಯ್ತು. ಅಮ್ಮ ತೀರಿಕೊಳ್ಳುವ ಮುಂಚಿನ ವಾರ, ಮಾತು ತೊದಲುವಾಗಲೂ, ಗುಂಡನ್ನ ಒಬ್ಬನೇ ಬಿಡಬೇಡ ಕಣೇ. ಬಿಟ್ಟಿಲ್ಲಮ್ಮ, ಬಿಟ್ಟಿಲ್ಲ, ಅವನನ್ನು ಅಳೆಯುವ ಯಂತ್ರವನ್ನೇ ಮಾಡುತ್ತಿದ್ದೇನೆ ಎಂದು ಒಳಗೇ ಹೇಳಿಕೊಂಡಳು. ಮುಂದಿನ ಸೀಟಿನವರು ತಿರುಗಿ ನೋಡಿದಾಗ ತುಟಿ ಅಲುಗಿತೇನೋ ಎಂದು ಗಾಬರಿಯಾಯಿತು.

ಲಿಫ್ಟ್ ರಿಪೇರಿ ಕಂಪನಿಯ ದೂರು ವಿಭಾಗದಲ್ಲಿ ಅವಳ ಕೆಲಸ. ಊರಿನ ಯಾವುದೋ ಕಟ್ಟಡದ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಫೋನ್ ಮಾಡುತ್ತಾರೆ. ಅವಳು, "ಗಾಬರಿ ಆಗ್ಬೇಡಿ, ಗಾಳಿ ಬರ್ತಿರುತ್ತೆ, ನಮ್ಮವರು ಹೊರಟಿದಾರೆ, ಹತ್ತು ನಿಮಿಷ" ಎನ್ನುತ್ತಾಳೆ. ಎಷ್ಟೋ ಸಲ ನಮ್ಮವರು ಇನ್ನೂ ಊಟ ಮುಗಿಸಿ ಕೈ ತೊಳೆದಿರುವುದಿಲ್ಲ. ಸುಳ್ಳನ್ನು ಇಷ್ಟು ತಣ್ಣಗೆ, ಇಷ್ಟು ಅಕ್ಕರೆಯಿಂದ ಹೇಳುವುದಕ್ಕೆ ಅವಳಿಗೆ ಸಂಬಳ ಬರುತ್ತಿತ್ತು. ಎರಡು ತಿಂಗಳ ಹಿಂದೆ ಮ್ಯಾನೇಜರು ಕರೆದು, "ಇನ್ಮೇಲೆ ಲಿಫ್ಟೇ ಫೋನ್ ಮಾಡುತ್ತಮ್ಮ, ಒಳಗಿರೋರು ಮಾಡೋದು ಬೇಡ. ಎಲ್ಲದಕ್ಕೂ ಸೆನ್ಸರ್ ಹಾಕ್ತಿದೀವಿ. ನೀವು ಆ ಕೋರ್ಸ್ ಮಾಡ್ಕೊಂಡು ಈ ಕಡೆಗೆ ಬಂದ್ಬಿಡಿ. ಇಲ್ಲಾಂದ್ರೆ..." ಎಂದವನು ಇಲ್ಲಾಂದ್ರೆಯನ್ನು ಅಲ್ಲಿಗೇ ಬಿಟ್ಟು ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದ್ದ. ಕೋರ್ಸಿಗೆ ಸೇರಿದ್ದು ಆ ಪೆನ್ನಿನಿಂದ. ಆದರೆ ಯೋಜನೆ ಹುಟ್ಟಿದ್ದು ಕೆಳಗಿನ ಮನೆಯ ಟೈಲರ್ ಅಕ್ಕನ ಬಾಯಿಂದ. ಮೆಟ್ಟಿಲ ಬಳಿ ದಾರದ ಉಂಡೆ ಸುತ್ತುತ್ತ ಕೂತಿದ್ದವಳು, "ನಿಮ್ಮಣ್ಣ ಈಗೀಗ ಹೊರಗಡೆ ಓಡಾಡ್ತಾರಲ್ಲ, ಒಳ್ಳೇದಾಯ್ತು ಬಿಡಿ" ಎಂದಿದ್ದಳು. ಆವತ್ತು ಅನ್ನ ಬಡಿಸುವಾಗ, ಹಗಲು ಎಲ್ಲಿಗಾದರೂ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ ಅಣ್ಣ ತಲೆಯೆತ್ತದೆ, "ಎಲ್ಲಿಗೆ ಹೋಗ್ಲಿ" ಎಂದಿದ್ದ.

ನಾಯಿಯ ಸುಳ್ಳು ಹೇಳಿದ ಮಾರನೆಯ ದಿನ, ಭಾನುವಾರ, ಅಣ್ಣ ಸ್ನಾನಕ್ಕೆ ಹೋದಾಗ ಸ್ಟೂಲು ಹತ್ತಿ ಕಪಾಟಿನ ಮೇಲೆ ಓಡಾಟ ಹಿಡಿಯುವ ಸೆನ್ಸರ್ ಅಂಟಿಸಿದಳು. ನೀರು ಬೀಳುವ ಸದ್ದು ನಿಂತರೆ ಇಳಿಯಬೇಕೆಂದು ಕಿವಿಯೆಲ್ಲ ಬಚ್ಚಲಿನ ಕಡೆಗಿತ್ತು. ಕೇಳಿದರೆ ಸೊಳ್ಳೆಗೆ ಎಂದು ಹೇಳಲು ಸಿದ್ಧವಾಗಿದ್ದಳು. ಅವನು ಕೇಳಲಿಲ್ಲ. ಮರುದಿನದಿಂದ ಎರಡು ದೂರುಗಳ ನಡುವಿನ ಬಿಡುವಿನಲ್ಲಿ ಮೊಬೈಲು ತೆಗೆದು ನೋಡುವುದು ಚಟವಾಯಿತು. ಪರದೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಏಳುತ್ತಿದ್ದವು. ಒಂಬತ್ತೂವರೆ, ಎದ್ದ. ಒಂಬತ್ತೂ ಮುಕ್ಕಾಲು, ನೀರು ಕುಡಿದಿರಬೇಕು. ಹತ್ತು ಐದು, ಹತ್ತು ಏಳು, ಹತ್ತು ಹತ್ತು, ಶತಪಥ ಹಾಕುತ್ತಿದ್ದಾನೆ, ಇವತ್ತು ಮನಸ್ಸು ಸರಿಯಿಲ್ಲ. ಎದುರು ಕೂತರೆ ಒಂದು ಪದ ಬಿಚ್ಚದವನು ಹೀಗೆ ಗೆರೆಗಳಲ್ಲಿ ತನ್ನೊಡನೆ ಮಾತಾಡುತ್ತಿದ್ದಾನೆ ಅನ್ನಿಸಿ, ಅವಳಿಗೆ ಬಹಳ ದಿನಗಳ ಮೇಲೆ ಅಣ್ಣನ ಮೇಲೆ ಅಕ್ಕರೆ ಉಕ್ಕಿತು. ಆದರೆ ದಿನವೂ ಹನ್ನೊಂದರ ಹೊತ್ತಿಗೆ ಗೆರೆಗಳು ನಿಂತುಹೋಗುತ್ತಿದ್ದವು, ಎರಡರವರೆಗೆ ಪರದೆ ಬೋಳು. ನಾಲ್ಕನೆಯ ಶನಿವಾರ ಮೇಷ್ಟ್ರು ಅದನ್ನೇ ಪಾಠ ಮಾಡಿದ. "ಸೆನ್ಸರ್ ಸುಮ್ಮನಿದೆ ಅಂದ್ರೆ ಎಲ್ಲ ಸರಿಯಾಗಿದೆ ಅಂತಲ್ಲ. ನಿದ್ದೆ ಇರಬಹುದು, ಬ್ಯಾಟರಿ ಸತ್ತಿರಬಹುದು, ಅಳೀಬೇಕಾದ್ದೇ ಅಲ್ಲಿ ಇಲ್ಲದೆ ಇರಬಹುದು. ಒಂದನ್ನೇ ನಂಬಬೇಡಿ, ಇನ್ನೊಂದು ಸಾಕ್ಷಿ ಇಟ್ಕೊಳ್ಳಿ." ಆ ಭಾನುವಾರ ಅವಳು ಮುಂಬಾಗಿಲ ಚೌಕಟ್ಟಿಗೆ, ಬಾಗಿಲು ತೆರೆದಾಗ ಮುಚ್ಚಿದಾಗ ಸುದ್ದಿ ಕಳಿಸುವ ಅಯಸ್ಕಾಂತದ ಸೆನ್ಸರ್ ಹಾಕಿದಳು. ಸೋಮವಾರ ಹನ್ನೊಂದು ಹತ್ತಕ್ಕೆ ಬಾಗಿಲು ತೆರೆಯಿತು. ಒಂದೂ ನಲವತ್ತೈದಕ್ಕೆ ಮತ್ತೆ ತೆರೆದು ಮುಚ್ಚಿತು. ಮಂಗಳವಾರವೂ. ಬುಧವಾರವೂ. ಕಿವಿಗಿಟ್ಟ ಆಫೀಸಿನ ಫೋನಿನಲ್ಲಿ ಯಾರೋ ಹೆಂಗಸು, ಲಿಫ್ಟಿನೊಳಗಿಂದ, ನನ್ನ ಮಗು ಹೊರಗಡೆ ಒಂದೇ ಇದೆ ಎಂದು ಅಳುತ್ತಿದ್ದಳು. ಇವಳು ನಮ್ಮವರು ಹೊರಟಿದಾರೆ ಎನ್ನುವುದನ್ನು ಮರೆತು ಪರದೆ ನೋಡುತ್ತ ಕೂತಿದ್ದಳು.

ಐದನೆಯ ಶನಿವಾರ ಎಲ್ಲರ ಗ್ರಾಫುಗಳನ್ನೂ ಗೋಡೆಯ ಮೇಲೆ ಹಾಕಿ ತೋರಿಸಿದರು. ಕೋಳಿ ಶೆಡ್ಡಿನ ಶಾಖ ಮಧ್ಯಾಹ್ನ ಏರಿ ಸಂಜೆ ಇಳಿದಿತ್ತು. ಹಾಸ್ಟೆಲಿನ ಟ್ಯಾಂಕು ಬೆಳಿಗ್ಗೆ ಏಳಕ್ಕೆ ಬರಿದಾಗಿತ್ತು. ಅವಳ ಮನೆಯ ಹಗಲು ಗೋಡೆಯಗಲ ಹರಡಿಕೊಂಡಾಗ, ಇಷ್ಟು ಜನರ ಮುಂದೆ ತನ್ನ ಸೆರಗು ಜಾರಿದಂತೆ ಅವಳು ಕುಗ್ಗಿದಳು. ಮೇಷ್ಟ್ರು ಗ್ರಾಫಿನ ಹತ್ತಿರ ಹೋಗಿ, "ತುಂಬ ಚೆನ್ನಾಗಿ ಬಂದಿದೆ ಮೇಡಂ" ಎಂದ. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ನೀವು ಆಫೀಸಲ್ಲಿರ್ತೀರಿ. ಹನ್ನೊಂದು ಹತ್ತಕ್ಕೆ ಬಾಗಿಲು ಯಾರು ತೆಗೀತಾರೆ?" ಎಂದ. ಹಿಂದಿನ ಬೆಂಚಿನಿಂದ, "ಜಾಣ ನಾಯಿ ಸಾರ್, ಚಿಲಕ ತೆಗೆದು ವಾಕಿಂಗ್ ಹೋಗುತ್ತೆ" ಎಂದು ಕೋಳಿ ಫಾರಂನವನು ಹೇಳಿದ. ಎಲ್ಲರೂ ನಕ್ಕರು, ಕೆಟ್ಟದಾಗಿ ಅಲ್ಲ. ಅವಳ ಕುತ್ತಿಗೆ ಬಿಸಿಯಾಯಿತು. "ಒಬ್ಬರು ಬರ್ತಾರೆ, ಹೊರಗೆ ಕರ್ಕೊಂಡು ಹೋಗೋದಕ್ಕೆ" ಎಂದಳು. ಹಾಗೆ ಹೇಳುವಾಗಲೇ, ಯಾರೋ ಒಬ್ಬರು ಬಂದು ಅಣ್ಣನ ಕೈ ಹಿಡಿದು ಕರೆದೊಯ್ಯುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಹತ್ತೊಂಬತ್ತು ವರ್ಷದ ಹಿಂದೆ ಹಾಗೆ ಕರೆದೊಯ್ದವಳು ಅವಳೇ. ಅವನು ಊಟ ನಿದ್ದೆ ಬಿಟ್ಟು, ಗೋಡೆಯೊಳಗೆ ಯಾರೋ ಲೆಕ್ಕ ಹೇಳುತ್ತಿದ್ದಾರೆಂದು ಕಿವಿಯಿಟ್ಟು ಕೂತಿರುತ್ತಿದ್ದ ದಿನಗಳು. ಕನ್ನಡಕ ಮಾಡಿಸ್ಕೊಂಡು ಬರೋಣ ಬಾ ಅಣ್ಣ ಎಂದಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ನೀರು ಹಚ್ಚಿ ತಲೆ ಬಾಚಿಕೊಂಡು ಬಂದಿದ್ದ. ಕಾರು ಆಸ್ಪತ್ರೆಯ ಕಬ್ಬಿಣದ ಗೇಟಿನೊಳಗೆ ತಿರುಗಿದಾಗ ಬೋರ್ಡು ಓದಿ, ಅವಳ ಕಡೆ ನೋಡಿದ್ದ. ಅರಚಿದ್ದರೆ, ಹೊಡೆದಿದ್ದರೆ, ಅವಳು ಇಷ್ಟು ಹೊತ್ತಿಗೆ ಅದನ್ನು ಮರೆಯುತ್ತಿದ್ದಳೇನೋ. ಅವನು ನೋಡಿ, ಸುಮ್ಮನೆ ಬಾಗಿಲು ತೆಗೆದುಕೊಂಡು ಇಳಿದಿದ್ದ.

ಮುಂದಿನ ಗುರುವಾರ ಅರ್ಧ ದಿನ ರಜೆ ಹಾಕಿ ಬಂದು, ಮನೆಯೆದುರಿನ ಬಸ್ ನಿಲ್ದಾಣದ ಕಂಬದ ಮರೆಯಲ್ಲಿ ನಿಂತಳು. ಕೈಯಲ್ಲಿದ್ದ ಮೊಬೈಲು ಹನ್ನೊಂದು ಹತ್ತಕ್ಕೆ ನಡುಗಿತು, ಬಾಗಿಲು ತೆರೆದಿದೆ. ಸ್ವಲ್ಪ ಹೊತ್ತಿಗೆ ಅಣ್ಣ ಮೆಟ್ಟಿಲಿಳಿದು ಬಂದ. ಟೈಲರ್ ಅಕ್ಕನಿಗೆ ಏನೋ ಹೇಳಿದ, ಅವಳು ತಲೆಯಾಡಿಸಿದಳು. ಅವನು ನಡೆಯುವ ರೀತಿಯೇ ಬೇರೆಯಿತ್ತು. ಮನೆಯಲ್ಲಿ ಕಾಲೆಳೆಯುವವನು ಇಲ್ಲಿ ಗಾಡಿಗಳಿಗೆ ಕೈ ಅಡ್ಡ ಮಾಡಿ, ಸರಸರನೆ ರಸ್ತೆ ದಾಟಿದ. ನಡುವೆ ಎರಡು ಅಂಗಡಿಗಳಷ್ಟು ದೂರವಿಟ್ಟುಕೊಂಡು ಅವಳು ಹಿಂಬಾಲಿಸಿದಳು. ನದಿಯ ಸೇತುವೆ ಬಂದಾಗ, ಹಾರಿಬಿಟ್ಟರೆ ಎಂದು ನೆರಿಗೆ ಎತ್ತಿ ಹಿಡಿದು ಬಿರುಸಾಗಿ ನಡೆದಳು. ಅವನು ಸೇತುವೆಯನ್ನು ನೋಡದೆಯೇ ಎಡಕ್ಕೆ ತಿರುಗಿದ. ಗಲ್ಲಿಯ ಕೊನೆಯಲ್ಲಿ ಸುಟ್ಟ ಫ್ಯಾನುಗಳು, ಪಂಪುಗಳು ರಾಶಿ ಬಿದ್ದಿದ್ದ ಒಂದು ಮೋಟಾರು ರಿಪೇರಿ ಅಂಗಡಿ. ಅವನು ಒಳಹೊಕ್ಕು, ಮೊಳೆಗೆ ನೇತುಹಾಕಿದ್ದ ಹಳೆಯ ಅಂಗಿ ತೊಟ್ಟು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತತೊಡಗಿದ. ತುಟಿ ಅಲುಗುತ್ತಿತ್ತು, ಸುತ್ತು ಎಣಿಸುತ್ತಿದ್ದ. ಅಂಗಡಿಯ ಯಜಮಾನನಿರಬೇಕು, ದಪ್ಪಗಿನ ಮನುಷ್ಯ ಬಂದು, "ಮಾಸ್ಟರೇ, ಇದು ನಿಮ್ಮ ಕೈಲಿ ಆಗುತ್ತಾ ನೋಡಿ, ನಾವೆಲ್ಲ ಕೈಬಿಟ್ವಿ" ಎಂದು ಒಂದು ಸಣ್ಣ ಪಂಪು ಮುಂದಿಟ್ಟ. ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಏನೋ ಅಂದ. ದಪ್ಪಗಿನವನು ಗಹಗಹಿಸಿದ. ಅಣ್ಣನೂ ನಕ್ಕ. ಹಲ್ಲು ಕಾಣುವಂತೆ, ಭುಜ ಕುಲುಕುವಂತೆ. ಆ ನಗುವಿನಲ್ಲಿ ಅವನ ಮೇಲಿನ ಹಲ್ಲೊಂದು ಬಿದ್ದುಹೋಗಿರುವುದು ಕಂಡಿತು. ಅದು ಯಾವಾಗ ಬಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಸಂತೋಷವಾಗಬೇಕಿತ್ತು. ಎದುರುಗಡೆಯ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳು ಸಂತೋಷ ಬರಲೆಂದು ಕಾದಳು. ಬಂದದ್ದು ಸಿಟ್ಟು. ಜೇಬಿಗೆ ಕೈ ಹಾಕಿ ಯಾರೋ ಏನನ್ನೋ ಕದ್ದ ಹಾಗೆ, ಕಳೆದದ್ದು ಏನೆಂದು ಇನ್ನೂ ತಿಳಿಯದ ಹಾಗೆ. ಈ ಮನುಷ್ಯನಿಗಾಗಿ ತಾನು ಬೇಡವೆಂದ ಸಂಬಂಧ, ಹೋಗದೆ ಬಿಟ್ಟ ಮದುವೆಗಳು, ದಿನಾ ಸಂಜೆ ಆರಕ್ಕೆ ಓಡಿಬಂದ ದಾರಿ. ಇವನು ಗುಣವಾಗುವುದಿದ್ದರೆ ತನಗೊಂದು ಮಾತು ಹೇಳಿ ಗುಣವಾಗಬೇಡವೇ. ಹಾಗೆ ಯೋಚಿಸಿದ್ದು ತಿಳಿದೊಡನೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಅವನಿಗೆ ಏನಾದರೂ ಆಗಿಬಿಡುತ್ತದೆ ಎಂದು ಇಷ್ಟು ವರ್ಷ ಹೆದರಿದ್ದಳಲ್ಲ, ಆ ಹೆದರಿಕೆಯ ಅಡಿಯಲ್ಲಿ ಇನ್ನೊಂದು ಹೆದರಿಕೆ ಚಾಪೆ ಹಾಸಿಕೊಂಡು ಮಲಗಿತ್ತು, ಅವನಿಗೆ ಏನೂ ಆಗದಿದ್ದರೆ ತಾನು ಯಾರು ಎಂಬುದು. ಅವಳು ಒಳಗೆ ಹೋಗಲಿಲ್ಲ. ಎದ್ದು, ಸೀರೆಗೆ ಅಂಟಿದ ಧೂಳನ್ನು ಎರಡು ಸಲ ಕೊಡವಿ, ಆಫೀಸಿಗೆ ಹೋದಳು.

ಸಂಜೆ ಬಂದಾಗ ಎರಡೂ ಸೆನ್ಸರುಗಳು ಊಟದ ಮೇಜಿನ ಮೇಲಿದ್ದವು. ಅಂಟಿನ ಟೇಪನ್ನು ಜತನದಿಂದ ಬಿಡಿಸಿ ಪಕ್ಕದಲ್ಲಿ ಮಡಿಸಿಟ್ಟಿತ್ತು. ಅಣ್ಣ ಎದುರಿನ ಕುರ್ಚಿಯಲ್ಲಿ ಕೂತಿದ್ದ.

"ಈ ಜಾಯಿಂಟ್ ಸರಿಯಾಗಿ ಹಿಡಿದಿಲ್ಲ" ಎಂದ. "ಇಷ್ಟು ದಿನ ನಡೆದಿದ್ದೇ ಹೆಚ್ಚು."

ಅವಳು ಚೀಲ ಕೆಳಗಿಡಲಿಲ್ಲ. "ಯಾವಾಗ ನೋಡಿದೆ?"

"ನೀನು ಅಂಟಿಸಿದ ದಿನಾನೇ. ಸ್ನಾನ ಮಾಡಿ ಬಂದಾಗ ಸ್ಟೂಲು ಜಾಗ ಬಿಟ್ಟಿತ್ತು."

"ಮತ್ತೆ ಆವತ್ತೇ ಯಾಕೆ ತೆಗೀಲಿಲ್ಲ?"

ಅಣ್ಣ ಟೇಪಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದ. "ಅಲ್ಲಿಗೆ ಹೋಗೋಕೆ ಶುರು ಮಾಡಿ ಏಳು ತಿಂಗಳಾಯ್ತು. ಹೇಳ್ಬೇಕು ಹೇಳ್ಬೇಕು ಅಂತ ದಿನಾ ಅಂದ್ಕೊಳ್ಳೋದು. ನಿನ್ನ ಮುಖ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ. ಸರಿ, ಇದೇ ಹೇಳ್ಲಿ ಅಂತ ಬಿಟ್ಟೆ. ಇವತ್ತು ನೀನೇ ಬಂದು ಕಟ್ಟೆ ಮೇಲೆ ಕೂತಿದ್ದೆ. ಇನ್ನು ಇದ್ಯಾಕೆ ಅಂತ ತೆಗೆದೆ."

"ನಾನು ಬೇಡ ಅಂತಿದ್ನಾ ಅಣ್ಣ?"

"ಬೇಡ ಅಂತಿರ್ಲಿಲ್ಲ. ನೀನು ಡಾಕ್ಟ್ರಿಗೆ ಹೇಳ್ತಿದ್ದೆ. ಆಮೇಲೆ ಅಂಗಡಿಗೆ ಬಂದು ಅವರಿಗೂ ಹೇಳ್ತಿದ್ದೆ, ಹೀಗ್ಹೀಗಿದೆ, ಸ್ವಲ್ಪ ನೋಡ್ಕೊಳ್ಳಿ ಅಂತ. ಅವರು ನೋಡ್ಕೊಳ್ಳೋರು. ಅಲ್ಲೂ ನಾನು ಇಲ್ಲಿ ಥರಾನೇ ಆಗಿಬಿಡ್ತಿದ್ದೆ."

ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿ ಎಷ್ಟು ಕಾಲವಾಗಿತ್ತೋ. ಸುಳ್ಳೆನ್ನಲು ಏನೂ ಇರಲಿಲ್ಲ. ಹೌದು, ಹೋಗುತ್ತಿದ್ದಳು. ಅಂಗಡಿಯವನನ್ನು ಪಕ್ಕಕ್ಕೆ ಕರೆದು, ಫೋನಿನಲ್ಲಿ ಮಾತಾಡುವ ಅದೇ ತಣ್ಣನೆಯ ದನಿಯಲ್ಲಿ ಹೇಳುತ್ತಿದ್ದಳು.

"ಶನಿವಾರದ ಕ್ಲಾಸಲ್ಲಿ ಇದನ್ನ ತೋರಿಸಿರ್ತೀಯಲ್ಲ" ಎಂದ ಅಣ್ಣ. "ನಾನು ಅಂತ ಹೇಳಿದೀಯಾ?"

"ಇಲ್ಲ."

"ಮತ್ತೆ?"

ಹದಿನಾಲ್ಕು ಜನರ ಮುಂದೆ ಸರಾಗವಾಗಿ ಬಂದ ಮಾತನ್ನು ಒಬ್ಬನ ಮುಂದೆ ಹೇಳಲು ಚೀಲ ಕೆಳಗಿಡಬೇಕಾಯಿತು. "ನಾಯಿ ಅಂತ ಹೇಳಿದೀನಿ."

ಅಣ್ಣ ಮಡಿಸಿದ ಟೇಪನ್ನು ಸೆನ್ಸರಿನ ಮೇಲಿಟ್ಟ. "ಯಾವ ಜಾತಿದು?"

"ಕೇಳಲಿಲ್ಲ."

"ಹೆಸರಾದ್ರೂ ಕೇಳಿರ್ಬೇಕಲ್ಲ."

"ಗುಂಡ ಅಂದೆ."

ಅವನ ಮುಖದಲ್ಲಿ ಶುರುವಾಗಿದ್ದ ನಗೆಯೋ ಮತ್ತೊಂದೋ ಅಲ್ಲಿಗೇ ನಿಂತಿತು. ಎದ್ದುನಿಂತು ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದ. "ಅಮ್ಮ ಹೋದ ಮೇಲೆ ಯಾರೂ ಹಾಗೆ ಕರೆದಿರ್ಲಿಲ್ಲ" ಎಂದ. ಕೋಣೆಯ ಬಾಗಿಲವರೆಗೆ ಹೋದವನು ತಿರುಗಿ, "ಇಡೀ ದಿನ ಬನ್ನಿ ಅಂತಿದಾರೆ ಅಂಗಡಿಯವರು. ನಂಗೊಂದು ಕೀ ಬೇಕು. ಇಷ್ಟು ದಿನ ಬಾಗಿಲು ಬರೀ ಎಳ್ಕೊಂಡು, ಟೈಲರ್ ಅಕ್ಕನಿಗೆ ನೋಡ್ಕೊಳ್ಳಿ ಅಂತ ಹೇಳಿ ಹೋಗ್ತಿದ್ದೆ" ಎಂದ. ಈ ಮನೆಗೆ ಒಂದೇ ಕೀ ಇದೆ, ಅದು ಯಾವಾಗಲೂ ತನ್ನ ಚೀಲದಲ್ಲೇ ಇರುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು.

ಆರನೆಯ ಶನಿವಾರ, ಅವಳ ಸರದಿ ಬಂದಾಗ, ಪೆಟ್ಟಿಗೆಯಿಂದ ಎರಡು ಸೆನ್ಸರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಬ್ಯಾಟರಿ ಹಾಕಿರಲಿಲ್ಲ. "ಇದು ಈಗ ಕೆಲಸ ಮಾಡ್ತಿಲ್ಲ. ಯಾರಿಗೆ ಇಟ್ಟಿದ್ನೋ ಅವರೇ ತೆಗೆದುಬಿಟ್ರು. ನಾಯಿ ಅಲ್ಲ, ನಮ್ಮಣ್ಣ. ನಿಮಗೆ ಸುಳ್ಳು ಹೇಳಿದ್ದೆ" ಎಂದಳು. ಕ್ಷಮಿಸಿ ಎಂಬ ಪದ ಬಾಯಿಗೆ ಬಂತು. ಆದರೆ ಅದು ಇವರಿಗೆ ಸೇರಬೇಕಾದ್ದಲ್ಲ ಅನ್ನಿಸಿ ನುಂಗಿಕೊಂಡಳು. ಕೋಳಿ ಫಾರಂನವನು ತನ್ನ ಬೆರಳಿನ ಉಂಗುರವನ್ನು ತಿರುಗಿಸುತ್ತಿದ್ದ. ಪಕ್ಕದ ಹುಡುಗಿ ಪುಸ್ತಕದಲ್ಲಿ ಏನೋ ಹುಡುಕುತ್ತಿದ್ದಳು. ಮೇಷ್ಟ್ರು ಮೌಲ್ಯಮಾಪನದ ಹಾಳೆ ಹಿಡಿದುಕೊಂಡು, "ಇದ್ರಲ್ಲೊಂದು ಪ್ರಶ್ನೆ ಇದೆ ಮೇಡಂ" ಎಂದ ಮೆತ್ತಗೆ. "ಯಾರನ್ನ ಅಳೀತಿದೀರೋ ಅವರ ಒಪ್ಪಿಗೆ ತಗೊಂಡಿದ್ರಾ ಅಂತ. ಏನು ಬರ್ಕೊಳ್ಳಲಿ?"

"ನಾನು ಕೇಳಲಿಲ್ಲ ಅಂತ ಬರ್ಕೊಳ್ಳಿ."

ಅವನು ಬರೆದುಕೊಂಡ. ನಾಲ್ಕು ಗಂಟೆಗೆ ಎಲ್ಲರಿಗೂ ಸರ್ಟಿಫಿಕೇಟು ಕೊಟ್ಟರು, ಅವಳಿಗೂ. ಫೋಟೋ ತೆಗೆಯುವಾಗ ಕೋಳಿ ಫಾರಂನವನು ಅವಳ ಪಕ್ಕಕ್ಕೆ ಬಂದು ನಿಂತು, ಬೇರೆಲ್ಲೋ ನೋಡುತ್ತ, "ನಮ್ಮ ಮನೇಲೂ ಒಬ್ಬಳು ಇದಾಳೆ, ನನ್ನ ತಂಗಿ" ಎಂದ. ಅಷ್ಟೇ ಹೇಳಿದ. ಆಮೇಲೆ ಕ್ಯಾಮೆರಾದ ಕಡೆ ನೋಡಿ ನಕ್ಕ.

ಐದೂವರೆಗೆ ಮನೆ ತಲುಪಿದಳು. ಕೀ ತಿರುಗಿಸಿ ಒಳಗೆ ಬಂದಾಗ ಮನೆ ಖಾಲಿಯಾಗಿತ್ತು. ನಿನ್ನೆಯಷ್ಟೇ ಮಾಡಿಸಿ ಕೊಟ್ಟ ಇನ್ನೊಂದು ಕೀ ತೆಗೆದುಕೊಂಡು ಅಣ್ಣ ಬೆಳಿಗ್ಗೆಯೇ ಹೋಗಿದ್ದ. ಹತ್ತೊಂಬತ್ತು ವರ್ಷಗಳಲ್ಲಿ ಈ ಹೊತ್ತಿಗೆ ಈ ಮನೆಯಲ್ಲಿ ಅವಳು ಒಬ್ಬಳೇ ಇದ್ದದ್ದಿಲ್ಲ. ಚಪ್ಪಲಿಯ ಸದ್ದಿಲ್ಲ, ಕೋಣೆಯೊಳಗಿನ ಕೆಮ್ಮಿಲ್ಲ. ಚಹಾ ಮಾಡಿಕೊಂಡು ಹಜಾರದ ಕುರ್ಚಿಯಲ್ಲಿ ಕೂತಳು. ಏನು ಬೇಕಾದರೂ ಮಾಡಬಹುದಿತ್ತು. ಹೊರಗೆ ಹೋಗಬಹುದಿತ್ತು, ಮಲಗಬಹುದಿತ್ತು, ಅತ್ತರೂ ಕೇಳುವವರಿರಲಿಲ್ಲ. ಅಂಗಡಿ ಆರಕ್ಕೆ ಮುಚ್ಚುತ್ತದೆ ಎಂದಿದ್ದ. ಆರು ಇಪ್ಪತ್ತಾಯಿತು, ಆರೂ ಮುಕ್ಕಾಲಾಯಿತು. ಮೊಬೈಲು ತೆಗೆದು ನೋಡಿದಳು. ಅದರಲ್ಲಿ ನೋಡಲು ಏನೂ ಇರಲಿಲ್ಲ. ಹಜಾರದೊಳಗೆ ಬೆಳಕು ಕಂತುತ್ತ ಬಂದು, ಎದುರಿನ ಗೋಡೆಯ ಕ್ಯಾಲೆಂಡರಿನ ಅಂಕಿಗಳು ಒಂದೊಂದಾಗಿ ಕಾಣದಾದವು. ದೀಪ ಹಾಕಲು ಏಳಬೇಕೆಂದುಕೊಂಡವಳು ಎದ್ದಿರಲಿಲ್ಲ. ಸೇತುವೆಯ ಬಳಿ ಅವನು ಇವತ್ತೂ ಎಡಕ್ಕೇ ತಿರುಗಿರುತ್ತಾನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಏಳು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೊಸ ಕೀ ಬೀಗದಲ್ಲಿ ಸಿಕ್ಕಿಕೊಂಡು ತಡವರಿಸಿತು, ಒಂದು ಸಲ, ಎರಡು ಸಲ. ತೆಗೆಯಲು ಹೋಗಬೇಕೆಂದು ಎದ್ದ ಕಾಲುಗಳನ್ನು ತಡೆದುಕೊಂಡು ನಿಂತಳು. ಮೂರನೆಯ ಸಲಕ್ಕೆ ಬೀಗ ತಿರುಗಿತು. ಅಷ್ಟರಲ್ಲಿ ಅವಳು ದೀಪ ಹಾಕಿ, ಕೈಗೆ ಸಿಕ್ಕ ಪೇಪರು ಬಿಡಿಸಿದ್ದಳು.

ಅಣ್ಣ ಮೋಟಾರಿನ ತಂತಿಗೆ ಹಚ್ಚುವ ವಾರ್ನಿಷ್ಷಿನ ವಾಸನೆ ಹೊತ್ತು ಒಳಗೆ ಬಂದ. ಚಪ್ಪಲಿ ಬಿಡುತ್ತ ಕೇಳಿದ, "ಕಾಯ್ತಾ ಕೂತಿದ್ಯಾ?"

"ಇಲ್ಲಪ್ಪ. ನಾನೂ ಈಗ ತಾನೆ ಬಂದೆ."

ಅವನು ಕುರ್ಚಿಯ ಪಕ್ಕದಲ್ಲಿ ಕೆನೆ ಕಟ್ಟಿ ತಣ್ಣಗಾಗಿದ್ದ ಚಹಾದ ಲೋಟವನ್ನು ನೋಡಿದ. ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ನೀರು ಬೀಳುವ ಸದ್ದು, ಆಮೇಲೆ ಒಲೆ ಹಚ್ಚಿದ ಸದ್ದು ಕೇಳಿಸಿತು.